ಮುದ್ದೆ ಕಟ್ಟುವ ಕೈ ಫಿನ್ಲೆಂಡಿಗೆ ಹೋದದ್ದು

ಹೆಲ್ಸಿಂಕಿ

ಕಸ್ಟಮ್ಸ್ ಅಧಿಕಾರಿ ಪೊಟ್ಟಣದ ಬಾಯಿ ಬಿಚ್ಚಿ ಮೂಸಿ ನೋಡಿದರು. ಒಳಗೆ ಕಂದು ಬಣ್ಣದ ಹಿಟ್ಟು. ಪಕ್ಕದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಮರದ ಕೋಲು. ಒಂದೇ ಪೆಟ್ಟಿಗೆಯಲ್ಲಿ ಇವೆರಡೂ ಸಿಕ್ಕಿದರೆ ಯಾವ ದೇಶದ ಅಧಿಕಾರಿಗಾದರೂ ಪ್ರಶ್ನೆ ಏಳುವುದು ಸಹಜ. ನಾನು ರಾಗಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಣ್ಣ ಉಪನ್ಯಾಸ ಶುರು ಮಾಡಿದೆ. ಕುದಿಯುವ ನೀರಿಗೆ ಈ ಹಿಟ್ಟು ಹಾಕಿ ಈ ಕೋಲಿನಿಂದ ತಿರುವುತ್ತೇವೆ ಎನ್ನುವಲ್ಲಿಗೆ ಬಂದಾಗ ಅವರ ಮುಖ ಸಡಿಲವಾಯಿತು. ತಮ್ಮ ಅಜ್ಜಿ ರೈ ಎಂಬ ಧಾನ್ಯದ ಹಿಟ್ಟಿನಲ್ಲಿ ಹೀಗೆಯೇ ಗಂಜಿ ಮಾಡುತ್ತಿದ್ದರು ಎಂದು ಹೇಳಿ ಪೊಟ್ಟಣವನ್ನು ಮೊದಲಿಗಿಂತ ಅಚ್ಚುಕಟ್ಟಾಗಿ ಕಟ್ಟಿಕೊಟ್ಟರು.

"ಏನಂತೆ ಲೇ ಅವನಿಗೆ?" ಎಂದಳು ಅಕ್ಕ.

"ಅವರಜ್ಜಿನೂ ಹಿಂಗೇ ಮಾಡ್ತಿದ್ರಂತೆ."

"ಮತ್ತೆ ಅಷ್ಟೊತ್ತು ಯಾಕ್ ಮೂಸ್ದ? ಅಜ್ಜಿಗೊಂದು ಫೋನ್ ಮಾಡಿದ್ರೆ ಆಗ್ತಿತ್ತು."

ಅಕ್ಕನ ಹೆಸರು ಮುನಿರತ್ನಮ್ಮ. ನಾವಿಬ್ಬರೂ ಹುಟ್ಟಿದ್ದು ಹೋಳೂರಿನಲ್ಲಿ. ಅವಳು ಮದುವೆಯಾಗಿ ಮುಳಬಾಗಿಲು ಸೇರಿದಳು, ನಾನು ಕೋಲಾರದಲ್ಲಿ ಪತ್ರಿಕೆಯೊಂದರ ವರದಿಗಾರನಾದೆ. ಮುಳಬಾಗಿಲಿನ ಬೈಪಾಸ್ ರಸ್ತೆಯ ಬದಿಯಲ್ಲಿ ಅವಳೂ ಅವಳ ವಾರಗಿತ್ತಿ ಪದ್ಮಳೂ ಸೇರಿ ಒಂದು ಮುದ್ದೆ ಮೆಸ್ ನಡೆಸುತ್ತಾರೆ. ಮೆಸ್ಸಿಗೆ ಬೋರ್ಡ್ ಇದೆ. ಆದರೆ ಬೋರ್ಡಿನ ಹೆಸರು ಯಾರಿಗೂ ಗೊತ್ತಿಲ್ಲ. ರತ್ನಕ್ಕನ ಮುದ್ದೆ ಎಂದರೆ ಆಂಧ್ರದ ಕಡೆಯ ಲಾರಿಯವರಿಗೂ ಗೊತ್ತು. ಎರಡು ವರ್ಷದ ಹಿಂದೆ ತಾಯಲೂರಿನಿಂದ ವಾಪಸು ಬರುವಾಗ ಅವಳು ಸ್ಕೂಟರಿನಿಂದ ಬಿದ್ದು ಬಲಭುಜದ ನರಗಳಿಗೆ ಪೆಟ್ಟಾಯಿತು. ತೋಳು ಏಳುತ್ತದೆ, ಮಣಿಕಟ್ಟು ತಿರುಗುತ್ತದೆ. ಬೆರಳು ಮಾತ್ರ ಮಡಚುವುದಿಲ್ಲ. ಅಂಗೈಗೆ ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂಬುದೂ ಸರಿಯಾಗಿ ತಿಳಿಯುವುದಿಲ್ಲ. ಅಂದಿನಿಂದ ಮುದ್ದೆ ಕಟ್ಟುವುದು ಪದ್ಮಳ ಕೆಲಸವಾಯಿತು. ಅಕ್ಕ ಮೂಲೆಯಲ್ಲಿ ಕೂತು ಎಡಗೈಯಲ್ಲಿ ಸೊಪ್ಪು ಬಿಡಿಸುತ್ತಾಳೆ.

ಕೋಲಾರದ ಆಸ್ಪತ್ರೆಯೊಂದರಲ್ಲಿ ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಒಬ್ಬರು ಈ ಸುದ್ದಿ ತಂದರು. ಫಿನ್ಲೆಂಡಿನ ತಾಂಪೆರೆ ಎಂಬ ಊರಿನಲ್ಲಿ ಬೆರಳು ಮಡಚಿಸುವ ಕೈಗವಸೊಂದನ್ನು ಹೆಣೆದಿದ್ದಾರೆ, ಅದರಲ್ಲಿ ಮೋಟರ್ ಇಲ್ಲ, ಬಟ್ಟೆಯೇ ಸೆಳೆಯುತ್ತದೆ. ಚಳಿ ದೇಶದಲ್ಲಿ ಅದು ಚೆನ್ನಾಗಿದೆ. ಸೆಕೆಯ ಊರಿನ ಕೈಯೊಂದರ ಮೇಲೆ ನೋಡಬೇಕಂತೆ. ಕರೆಸಿಕೊಳ್ಳುವುದು ಅವರದೇ ಜವಾಬ್ದಾರಿ, ಜೊತೆಗೊಬ್ಬರು ದುಭಾಷಿ ಬರಬಹುದು. ಹೀಗೆ ನಾನು ಹೊರಟೆ.

"ಅಷ್ಟು ದೂರ ಹೋಗಿ ಏನ್ ಮಾಡ್ಕೊಂಡ್ ಬರ್ತೀಯಕ್ಕ?" ಎಂದು ಪದ್ಮ ಕೇಳಿದ್ದಳು.

"ಮುದ್ದೆ ಕಟ್ಟೋದ್ ಕಲ್ತ್ಕೊಂಡ್ ಬರ್ತೀನಿ" ಎಂದಿದ್ದಳು ಅಕ್ಕ. ತಮಾಷೆಗೆ ಹೇಳಿದ್ದಲ್ಲ. ಹಿಟ್ಟು, ಕೋಲು ಹೊತ್ತು ತಂದಿದ್ದು ಅದಕ್ಕೇ.

ತಾಂಪೆರೆಯ ಬಸ್ ನಿಲ್ದಾಣ

ಹೆಲ್ಸಿಂಕಿಯಿಂದ ರೈಲಿನಲ್ಲಿ ತಾಂಪೆರೆ ಸೇರಿದಾಗ ಮಾರ್ಚ್ ತಿಂಗಳ ಮಧ್ಯಾಹ್ನ. ಬಿಸಿಲಿತ್ತು, ಕಾಲಡಿಯಲ್ಲಿ ಹಿಮವೂ ಇತ್ತು. ಎರಡು ದೊಡ್ಡ ಕೆರೆಗಳ ನಡುವೆ ಕೂತ ಊರು ಅದು. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ನೀರು ಊರ ಮಧ್ಯದಲ್ಲೇ ಭೋರ್ಗರೆದು ಇಳಿಯುತ್ತದೆ. ಆ ನೀರಿನ ಬಲದಿಂದ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳು ನಡೆಯುತ್ತಿದ್ದವು. ಕೆಂಪು ಇಟ್ಟಿಗೆಯ ಆ ಕಟ್ಟಡಗಳಲ್ಲಿ ಈಗ ಕಚೇರಿಗಳು, ಹೋಟೆಲುಗಳು. ಕೆರೆಯ ಕೋಡಿ ಬಿದ್ದಿದೆ ಎಂದು ನೋಡಲು ಊರಿಗೂರೇ ಸೇರುವ ಜಿಲ್ಲೆಯಿಂದ ಬಂದವರು ನಾವು. ವರ್ಷವಿಡೀ ಕೋಡಿ ಬೀಳುವ ಕೆರೆಯನ್ನು ಇಬ್ಬರೂ ಸ್ವಲ್ಪ ಹೊತ್ತು ನಿಂತು ನೋಡಿದೆವು. ಉಳಿದವರು ಯಾರೂ ನೋಡುತ್ತಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಆರೇಳು ಜನ ಇದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ಆರಾಮಾಗಿ ಹಾದುಹೋಗುವಷ್ಟು ಅಂತರ. ಅಕ್ಕ ಹೋಗಿ ಒಬ್ಬ ದಪ್ಪ ಕೋಟಿನವರ ಪಕ್ಕದಲ್ಲಿ ನಿಂತಳು. ಅವರು ಒಂದು ಹೆಜ್ಜೆ ಸರಿದರು. ಜಾಗ ಬಿಟ್ಟುಕೊಟ್ಟರೆಂದು ಭಾವಿಸಿ ಅಕ್ಕ ಒಂದು ಹೆಜ್ಜೆ ಮುಂದೆ ಹೋದಳು. ಅವರು ಮತ್ತೆ ಸರಿದರು.

"ಬಿಡಕ್ಕ, ಇಲ್ಲಿ ದೂರ ದೂರ ನಿಲ್ತಾರೆ" ಎಂದೆ.

"ಮೊದ್ಲೇ ಹೇಳ್ಬಾರ್ದಾ? ಇನ್ನೊಂದೀಟು ಹೋಗಿದ್ರೆ ಪಾಪ ನಡ್ಕೊಂಡೇ ಮುಂದಿನ ಸ್ಟಾಪ್ ಸೇರ್ತಿದ್ದ."

ಆದರೆ ಪ್ರಯೋಗಾಲಯದ ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಚಪ್ಪಲಿ, ಬೂಟುಗಳನ್ನು ಕಂಡಾಗ ಅವಳ ಅಭಿಪ್ರಾಯ ಬದಲಾಯಿತು. ಇಲ್ಲಿಯವರು ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ. ಈ ತಂಡ ಕೆಲಸದ ಜಾಗದಲ್ಲೂ ಅದನ್ನೇ ಪಾಲಿಸುತ್ತದೆ. ದೊಡ್ಡ ದೊಡ್ಡ ವಿದ್ವಾಂಸರು ಉಣ್ಣೆಯ ಕಾಲುಚೀಲದಲ್ಲಿ ಓಡಾಡುತ್ತಿದ್ದರು. ಒಬ್ಬರ ಹೆಬ್ಬೆರಳು ಹೊರಗಿತ್ತು. "ನೆಟ್ಟಗಿರೋ ಜನ" ಎಂದಳು ಅಕ್ಕ.

ಪ್ರಯೋಗಾಲಯ

ತಂಡದ ಮುಖ್ಯಸ್ಥೆಯ ಹೆಸರು ಐನೋ. ಐವತ್ತರ ಆಸುಪಾಸಿನ, ಎತ್ತರದ, ಮಿತಭಾಷಿ ಹೆಂಗಸು. ಕೈಗವಸು ಹೆಣೆಯುವವನು ಯೂಸಿ ಎಂಬ ಗಡ್ಡದ ತಂತ್ರಜ್ಞ. ಕಾಲುಚೀಲ ಹೆಣೆಯುವ ಯಂತ್ರವನ್ನೇ ಸ್ವಲ್ಪ ಬದಲಿಸಿ ಅದರಲ್ಲಿ ಲೋಹದ ದಾರ ಹೆಣೆಯುತ್ತಾನೆ.

ಆ ದಾರದ ಸಂಗತಿಯನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ನಿಕಲ್ ಮತ್ತು ಟೈಟಾನಿಯಂ ಬೆರೆಸಿ ಎಳೆದ, ಕೂದಲಿನಷ್ಟು ತೆಳುವಾದ ತಂತಿ ಅದು. ಕುಲುಮೆಯಲ್ಲಿಟ್ಟು ಒಮ್ಮೆ ಅದಕ್ಕೊಂದು ಆಕಾರ ಕಲಿಸಿದರೆ ಮರೆಯುವುದಿಲ್ಲ. ತಣ್ಣಗಿರುವಾಗ ಎಳೆದಂತೆ ಎಳೆಸಿಕೊಳ್ಳುತ್ತದೆ. ಬಿಸಿಯಾದೊಡನೆ ಕಲಿತ ಆಕಾರಕ್ಕೆ ಮರಳುತ್ತದೆ, ಆ ಮರಳುವಿಕೆಯಲ್ಲಿ ಬಲವಿರುತ್ತದೆ. ಇಂಥ ತಂತಿಯನ್ನು ನೂಲಿನ ಜೊತೆ ಕುಣಿಕೆ ಕುಣಿಕೆಯಾಗಿ ಹೆಣೆದರೆ ಬಟ್ಟೆಯೇ ಸ್ನಾಯುವಿನಂತೆ ಕುಗ್ಗುತ್ತದೆ. ಸೊಂಟದಲ್ಲೊಂದು ಸಣ್ಣ ಬ್ಯಾಟರಿ. ಗುಂಡಿ ಒತ್ತಿದರೆ ತಂತಿ ಬಿಸಿಯಾಗಿ ಬೆರಳು ಮಡಚುತ್ತದೆ. ಮತ್ತೊಮ್ಮೆ ಒತ್ತಿದರೆ ತಂತಿ ತಣಿದು, ಹಿಂಬದಿಯ ಎಲಾಸ್ಟಿಕ್ ಸೆಳೆತಕ್ಕೆ ಬೆರಳು ಬಿಚ್ಚಿಕೊಳ್ಳುತ್ತದೆ. ತಂತಿಯ ಬಿಸಿ ಅಂಗೈಗೆ ತಾಗದಂತೆ ಒಳಗೊಂದು ಅಸ್ತರು ಇದೆ.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅಕ್ಕ ಕೈಗವಸನ್ನು ತಿರುಗಿಸಿ ನೋಡಿದಳು. "ತಂತಿಗೂ ಜ್ಞಾಪಕ ಇರ್ತದಾ. ಇರ್ಲಿ, ಹಾಕು."

ಯೂಸಿ ಹಾಕಿದ. ಅವಳು ಎಡಗೈಯಲ್ಲಿ ಗುಂಡಿ ಒತ್ತಿದಳು. ಎರಡು ವರ್ಷದಿಂದ ನೇತಾಡುತ್ತಿದ್ದ ಬೆರಳುಗಳು ಮೆಲ್ಲಗೆ, ಯಾರೋ ಒಳಗಿನಿಂದ ಕರೆದಂತೆ, ಮಡಚಿದವು. ಮೇಜಿನ ಮೇಲಿನ ಮರದ ತುಂಡನ್ನು ಹಿಡಿದವು. ಅವಳು ಅದನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಐನೋ ಕಿಟಕಿಯ ಕಡೆ ತಿರುಗಿ ನಿಂತರು. ಅಕ್ಕ ಚೀಲದಿಂದ ಮುದ್ದೆ ಕೋಲು ತೆಗೆಸಿ ಅದನ್ನು ಹಿಡಿದಳು. ಗಾಳಿಯಲ್ಲೇ ಎರಡು ಸುತ್ತು ತಿರುವಿದಳು. ಆಮೇಲೆ ಕೋಲನ್ನು ಕೆಳಗಿಟ್ಟು ಸೆರಗಿನಿಂದ ಮೂಗು ಒರೆಸಿಕೊಂಡಳು.

ಅನಾಹುತ ನಡೆದದ್ದು ಕಾಫಿಯ ಹೊತ್ತಿಗೆ. ಈ ದೇಶದವರು ಕಾಫಿ ಕುಡಿಯುವುದನ್ನು ನೋಡಿದರೆ ನಮ್ಮ ಕಾಫಿ ಹುಚ್ಚು ಏನೇನೂ ಅಲ್ಲ. ಅಕ್ಕ ಕೈಗವಸಿನ ಕೈಯನ್ನೇ ಬಿಸಿ ಮಗ್ಗಿನ ಪಕ್ಕಕ್ಕೆ ತಂದಳು. ಗುಂಡಿ ಒತ್ತಿರಲಿಲ್ಲ. ಮಗ್ಗಿನ ಬಿಸಿಗೇ ಬೆರಳುಗಳು ತಾವಾಗಿ ಮಡಚಿ ಮಗ್ಗನ್ನು ಅಪ್ಪಿಕೊಂಡವು. ಬಿಡಲಿಲ್ಲ. ಮಗ್ಗು ಬಿಸಿಯಾಗಿರುವವರೆಗೆ ತಂತಿ ತಣಿಯುವುದಿಲ್ಲ, ತಂತಿ ತಣಿಯುವವರೆಗೆ ಬೆರಳು ಬಿಚ್ಚುವುದಿಲ್ಲ. ಅಕ್ಕ ಎಡಗೈಯಲ್ಲಿ ಎಳೆದಳು, ಕಾಫಿ ಮೇಜಿನ ಮೇಲೆ ಚೆಲ್ಲಿತು. ಯೂಸಿ ಬಂದು ಮಗ್ಗಿನಲ್ಲಿ ಉಳಿದಿದ್ದನ್ನು ಚೆಲ್ಲಿ, ಬೆರಳು ಒಂದೊಂದಾಗಿ ಬಿಡಿಸಿದ.

ಐನೋ ಕ್ಷಮೆ ಕೇಳಿದರು. ಈ ತಂತಿ ಬೇಗ ಕೆಲಸ ಮಾಡಲೆಂದು ಕಡಿಮೆ ಕಾವಿಗೇ ಎಚ್ಚರಗೊಳ್ಳುವಂತೆ ಮಾಡಿದ್ದೇವೆ, ಹೆಚ್ಚು ಕಾವಿನದು ಮಾಡಿದರೆ ದೊಡ್ಡ ಬ್ಯಾಟರಿ ಬೇಕು, ಕೈಗೆ ಸುರಕ್ಷಿತವೂ ಅಲ್ಲ ಎಂದರು. ನಂತರ ನಮ್ಮ ಮುಂದೆ ಕೂತು ಸ್ಪಷ್ಟವಾಗಿ ಹೇಳಿದರು. ಬೇಸಿಗೆ ಮುಗಿಯುವವರೆಗೆ ಕೈಗವಸನ್ನು ನೀವು ಊರಿಗೆ ಒಯ್ಯಬಹುದು. ಅದಕ್ಕಾಗಿಯೇ ಕರೆಸಿದ್ದು. ಆದರೆ ಒಲೆ, ಬಿಸಿನೀರು, ಬಿಸಿ ಅಡುಗೆಯ ಹತ್ತಿರ ಹಾಕಿಕೊಳ್ಳುವುದಿಲ್ಲ ಎಂದು ಒಪ್ಪಬೇಕು. ನಿಮ್ಮ ಅಂಗೈಗೆ ಸುಟ್ಟರೂ ತಿಳಿಯುವುದಿಲ್ಲ.

ನಾನು ಒಂದೊಂದು ಮಾತನ್ನೂ ಅನುವಾದಿಸಿದೆ. ಅಕ್ಕ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು.

"ಹಂಗಾದ್ರೆ ಬ್ಯಾಡ ಅಂತ ಹೇಳು."

"ಅಕ್ಕ, ಯೋಚನೆ ಮಾಡು. ತಲೆ ಬಾಚ್ಕೋಬಹುದು, ಸೀರೆ ಉಟ್ಕೋಬಹುದು..."

"ಎಲ್ಡ್ ವರ್ಷದಿಂದ ನಾನೇನು ಬರಿ ಮೈಯಾಗಿದ್ನಾ? ಅದೆಲ್ಲ ಎಡಗೈಗೆ ಬರ್ತದೆ. ನಂಗ್ ಬೇಕಾಗಿರೋದು ಮುದ್ದೆ ಕಟ್ಟೋಕೆ. ಒಪ್ಕೊಂಡಂಗೆ ತಲೆಯಾಡ್ಸಿ ಊರಿಗೋಗಿ ಒಲೆ ಮುಂದೆ ಹಾಕ್ಕೊಂಡ್ರೆ ಅದು ಸುಳ್ಳಾಗ್ತದೆ. ಬ್ಯಾಡ ಅನ್ನು."

ಯೋಚಿಸಿ ಹೇಳುತ್ತಾರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿಬಿಡುವುದು ಸುಲಭವಿತ್ತು. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವನು ನಾನೊಬ್ಬನೇ. ಆದರೆ ಇನ್ನೊಬ್ಬರ ಬಾಯಿಯ ಮಾತನ್ನು ತಿದ್ದುವುದು ನನ್ನ ಕಸುಬಿನಲ್ಲಿ ಇಲ್ಲ. ಬೇಡ ಎನ್ನುತ್ತಾಳೆ, ಕಾರಣ ಇದು ಎಂದೆ.

ಐನೋ ಉತ್ತರಿಸಲಿಲ್ಲ. ನಮ್ಮಲ್ಲಿ ಇಷ್ಟು ಹೊತ್ತು ಯಾರಾದರೂ ಸುಮ್ಮನಿದ್ದರೆ ಕೋಪ ಬಂದಿದೆ ಎಂದೋ, ಫೋನ್ ಕಟ್ಟಾಗಿದೆ ಎಂದೋ ತಿಳಿಯುತ್ತೇವೆ. ಇಲ್ಲಿ ಮೌನವೆಂದರೆ ಯೋಚಿಸುತ್ತಿದ್ದಾರೆ ಎಂದಷ್ಟೇ ಅರ್ಥ. ಇದನ್ನು ನನಗೆ ಯೂಸಿ ಆಮೇಲೆ ವಿವರಿಸಿದ. ಕೊನೆಗೆ ಐನೋ ಹೇಳಿದ್ದು ಒಂದೇ ವಾಕ್ಯ: "ಸಂಜೆ ಸೌನಾಗೆ ಬನ್ನಿ, ಕೈಗವಸನ್ನೂ ತನ್ನಿ."

ಕೆರೆಯ ದಂಡೆ

ಸೌನಾ ಎಂದರೆ ಕಾದ ಕಲ್ಲುಗಳ ಮೇಲೆ ನೀರು ಎರಚಿ ಹಬೆ ಎಬ್ಬಿಸುವ ಮರದ ಕೋಣೆ. ಬೆವರಿದ ಮೇಲೆ ಹೊರಬಂದು, ಹೆಪ್ಪುಗಟ್ಟಿದ ಕೆರೆಯಲ್ಲಿ ಚೌಕವಾಗಿ ಕೊರೆದ ಕಿಂಡಿಗೆ ಇಳಿಯುತ್ತಾರೆ. ಇದನ್ನು ಸಂತೋಷಕ್ಕಾಗಿ ಮಾಡುತ್ತಾರೆ ಎಂಬುದನ್ನು ಮತ್ತೊಮ್ಮೆ ಕೇಳಿ ದೃಢಪಡಿಸಿಕೊಂಡೆ.

ಹೆಂಗಸರ ಸೌನಾ ಬೇರೆ. ಒಳಗೆ ನಡೆದದ್ದನ್ನು ನಾನು ನೋಡಿಲ್ಲ. ಅಕ್ಕ ಹೇಳಿ, ಐನೋ ಹೌದೆಂದದ್ದನ್ನಷ್ಟೇ ಬರೆಯುತ್ತಿದ್ದೇನೆ. ಅಲ್ಲಿ ಯಾರ ಮೈಮೇಲೂ ಬಟ್ಟೆ ಇರಲಿಲ್ಲ. ಅಕ್ಕ ನೈಟಿಯಲ್ಲೇ ಕೂತಳು. ಯಾರೂ ಏನೂ ಅನ್ನಲಿಲ್ಲ. "ನಾಚ್ಕೆ ಇಲ್ದೋರು ಅಂತ ತಿಳ್ಕೋಬ್ಯಾಡ" ಎಂದು ಆಮೇಲೆ ನನಗೆ ಹೇಳಿದಳು. "ಅಲ್ಲಿ ಯಾರೂ ಯಾರ್ನೂ ನೋಡಲ್ಲ ಕಣೋ. ನಮ್ ಕಡೆ ಮೈತುಂಬ ಸೆರಗು ಹೊದ್ಕೊಂಡ್ ಹೋದ್ರೂ ನೋಡ್ತಾರೆ."

ಮೆಸ್ಸಿನ ಅಡುಗೆಮನೆಯ ಸೆಕೆಯಲ್ಲಿ ಕೈಗವಸು ಹೇಗೆ ವರ್ತಿಸೀತು ಎಂದು ನೋಡಲು ಐನೋ ಕೆಳಗಿನ ಮೆಟ್ಟಿಲಿನಲ್ಲಿ, ಕಡಿಮೆ ಹಬೆಯಲ್ಲಿ ಅಕ್ಕನನ್ನು ಕೂರಿಸಿದ್ದರು. ಬ್ಯಾಟರಿ ತೆಗೆದಿದ್ದರು. ಕೋಣೆಯ ಕಾವಿಗೇ ಬೆರಳುಗಳು ಮಡಚಿಕೊಂಡವು, ಎಷ್ಟು ಕಾದರೂ ಬಿಚ್ಚಲಿಲ್ಲ. ಒಲೆಯ ಮುಂದೆ ಇದು ನಡೆಯುವುದಿಲ್ಲ ಎಂದು ಇಬ್ಬರಿಗೂ ಖಾತ್ರಿಯಾಯಿತು. ಇಬ್ಬರೂ ಹೊರಬಂದರು.

ಇಲ್ಲಿಂದ ಮುಂದಿನದನ್ನು ನಾನು ದಂಡೆಯಲ್ಲಿ ನಿಂತು ನೋಡಿದ್ದೇನೆ. ಐನೋ ಈಜುಡುಗೆ ತೊಟ್ಟು ಏಣಿ ಹಿಡಿದು ಕಿಂಡಿಗೆ ಇಳಿದರು, ಕುತ್ತಿಗೆಯವರೆಗೆ ಮುಳುಗಿದರು. ಶಾಲು, ಸ್ವೆಟರ್, ನನ್ನ ಮಂಕಿ ಟೋಪಿ ಎಲ್ಲ ಹಾಕಿಕೊಂಡಿದ್ದ ಅಕ್ಕ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಶಾಲಿನೊಳಗೆ ಬೆಚ್ಚಗೆ ಮುಷ್ಟಿ ಕಟ್ಟಿಕೊಂಡೇ ಇದ್ದ ಕೈಗವಸಿನ ಕೈಯನ್ನು ನೀರಿಗೆ ಅದ್ದಿದಳು. ಅದ್ದಿದ ಕ್ಷಣವೇ ಐದು ಬೆರಳೂ ಬಿಚ್ಚಿಕೊಂಡವು. ಅವಳು ಕೈ ಎತ್ತಿ ನೋಡಿದಳು.

"ಸೀನ, ಇಲ್ಲಿ ನೋಡ್ಲಾ." ಧ್ವನಿ ಏರಿರಲಿಲ್ಲ. "ಮುದ್ದೆ ಕಟ್ಟುವಾಗ ಪ್ರತಿ ಸಲಾನೂ ಕೈ ನೀರಿಗೆ ಅದ್ತೀವಲ್ಲ. ಬಿಸಿಗೆ ಮುಚ್ಕೊಳ್ಳಿ, ನೀರಿಗೆ ಬಿಚ್ಕೊಳ್ಳಿ. ನಂಗ್ ಬೇಕಾಗಿರೋದೂ ಅಷ್ಟೇ ಅಲ್ವಾ? ಅವಮ್ಮಂಗೆ ಹೇಳು."

ಐನೋ ನೀರಿನಲ್ಲೇ ಇದ್ದರು. ಹೇಳಿದೆ. ಅವರು ತುಟಿ ನೀಲಿಗಟ್ಟುವವರೆಗೂ ಅಲ್ಲಿಯೇ ನಿಂತು ಯೋಚಿಸಿದರು. "ನಾಳೆ ನನಗೆ ಮಾಡಿ ತೋರಿಸಿ" ಎಂದರು.

ಮೂರನೇ ಮಹಡಿಯ ಅಡುಗೆಮನೆ

ಪ್ರಯೋಗಾಲಯದವರ ಅಡುಗೆಮನೆಯಲ್ಲಿ ಬೆಂಕಿ ಇಲ್ಲ, ಗಾಜಿನ ಒಲೆ. ಅದರ ಮೇಲೆ ಪಾತ್ರೆ ಜಾರುತ್ತದೆ. ಮುದ್ದೆ ತಿರುವುವಾಗ ಪಾತ್ರೆ ಹಿಡಿಯಲು ಊರಿನಲ್ಲಿ ಕವೆಕೋಲು ಇರುತ್ತದೆ. ಇಲ್ಲಿ ನಾನಿದ್ದೆ. ಎಸರು ಕುದಿಯಿತು, ಹಿಟ್ಟು ಬಿತ್ತು. ಅಕ್ಕ ಬ್ಯಾಟರಿಯ ಗುಂಡಿ ಒತ್ತಿ ಕೋಲು ಹಿಡಿದಳು. ಮರಕ್ಕೆ ಬಿಸಿ ಏರುವುದಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ. ಎಡಗೈಯ ಬಲ, ಬಲಗೈಯ ಹಿಡಿತ ಸೇರಿ ತಿರುವುತ್ತಿದ್ದರೆ ಪಾತ್ರೆಯ ಜೊತೆ ನಾನೂ ಅತ್ತಿತ್ತ ಹೋಗುತ್ತಿದ್ದೆ.

"ನೆಟ್ಟಗೆ ಹಿಡಿಯೋ. ಪೇಪರ್ ಓದಿದಂಗಲ್ಲ ಇದು."

ಹಿಟ್ಟು ಬೆಂದು ಹದಕ್ಕೆ ಬಂತು. ಒದ್ದೆ ಮಾಡಿದ ಮರದ ಹಲಗೆಯ ಮೇಲೆ ಸುರಿದೆ. ಯೂಸಿ ಬ್ಯಾಟರಿ ಕಳಚಿ, ಕೈಗವಸಿನ ಮೇಲೆ ಆಸ್ಪತ್ರೆಯಲ್ಲಿ ಬಳಸುವ ತೆಳು ರಬ್ಬರ್ ಗ್ಲೌಸ್ ಹಾಕಿದ. ಪಕ್ಕದಲ್ಲಿ ತಣ್ಣೀರಿನ ಬೋಗುಣಿ. ಅಕ್ಕ ಎರಡೂ ಕೈ ನೀರಿಗೆ ಅದ್ದಿ ಮೊದಲ ಉಂಡೆಗೆ ಕೈ ಹಾಕಿದಳು. ಬಿಸಿ ತಾಗಿದೊಡನೆ ಬೆರಳುಗಳು ಮಡಚಿದವು, ಮಡಚುತ್ತಲೇ ಹೋದವು. ಮುದ್ದೆ ಬೆರಳ ಸಂದುಗಳಿಂದ ಹೊರಗೆ ಬಂತು. ನೀರಿಗೆ ಅದ್ದಿದರೆ ಬೆರಳೇನೋ ಬಿಚ್ಚಿದವು. ಹಲಗೆಯ ಮೇಲೆ ಉಳಿದದ್ದು ಮುದ್ದೆಯಲ್ಲ, ಯಾರೋ ತುಳಿದ ಹಾಗಿತ್ತು.

ಎರಡನೆಯದೂ ಹಾಗೆಯೇ ಆಯಿತು. ಹಿಟ್ಟು ಆರುತ್ತಿತ್ತು, ಆರಿದರೆ ಬಿರುಕು ಬಿಡುತ್ತದೆ.

ಯೂಸಿ ಓಡಿಹೋಗಿ ಸೂಜಿ, ದಾರ, ಒಂದು ತುಂಡು ಪಟ್ಟಿ ತಂದ. ರಬ್ಬರ್ ಗ್ಲೌಸ್ ತೆಗೆದು, ಕೈಗವಸಿನ ಹಿಂಬದಿಗೆ ಆ ಪಟ್ಟಿಯನ್ನು ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಹೊಲಿದ. ಇನ್ನು ಬೆರಳು ಎಷ್ಟು ಸೆಳೆದರೂ ಬಟ್ಟಲಿನಷ್ಟು ಬಾಗಿ ನಿಲ್ಲುತ್ತದೆ, ಮುಷ್ಟಿಯಾಗುವುದಿಲ್ಲ. ಅಷ್ಟರಲ್ಲಿ ಅಕ್ಕ ನನ್ನಿಂದ ಹೊಸ ಎಸರು ಇಡಿಸಿದ್ದಳು. ಮೂರನೆಯದು ಬಟ್ಟಲಿನಾಕಾರದ ಕೈಯಲ್ಲಿ ಕೂತಿತು, ಎಡಗೈ ಅದನ್ನು ತಿರುಗಿಸಿತು. ಒಂದು ಬದಿ ಚಪ್ಪಟೆ. ನೀರಿಗೆ ಅದ್ದಿ, ಬಿಚ್ಚಿ, ನಾಲ್ಕನೆಯದಕ್ಕೆ ಕೈ ಇಟ್ಟಳು. ಅದು ಮುದ್ದೆ. ಪರೀಕ್ಷೆಗೆ ಇಟ್ಟರೆ ಪೂರ್ಣ ಅಂಕ ಸಿಗಲಿಕ್ಕಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ.

ಐನೋ ತಾವೂ ಬರಿಗೈ ಒದ್ದೆ ಮಾಡಿಕೊಂಡು ಒಂದು ಉಂಡೆ ಹಿಡಿದರು. ಹಿಡಿದಷ್ಟೇ ಬೇಗ ಬಿಟ್ಟರು. ಅಂಗೈ ಕೆಂಪಾಗಿತ್ತು. "ಇಷ್ಟು ಬಿಸಿ ಇರುತ್ತದೆಯೇ? ಇದನ್ನು ದಿನವೂ ಹಿಡಿಯುತ್ತಿದ್ದರೇ?"

"ಎಲ್ಲರ ಕೈನೂ ಸುಡ್ತದೆ. ಸುಟ್ರೆ ನೀರಿಗೆ ಅದ್ತೀವಿ" ಎಂದಳು ಅಕ್ಕ.

"ಇವರ ಬಲಗೈಗೆ ಸುಟ್ಟದ್ದು ತಿಳಿಯುವುದಿಲ್ಲವಲ್ಲ. ನನ್ನ ಚಿಂತೆ ಅದೊಂದೇ."

ಅಕ್ಕ ಈ ಮಾತಿಗೆ ತಕ್ಷಣ ಉತ್ತರಿಸಲಿಲ್ಲ. ಊರಿನಲ್ಲಿ ಅವಳು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. "ಎಡಗೈಗೆ ತಿಳೀತದೆ" ಎಂದಳು ಕೊನೆಗೆ. "ಎಡಗೈ ಮೊದ್ಲು ಮುಟ್ಲಿ. ಅದು ತಡ್ಕೊಂಡ್ರೆ ಬಲಗೈ ಮುಟ್ತದೆ. ಎಡಗೈ ನೀರಿಗೋದ್ರೆ ಬಲಗೈನೂ ಹೋಗ್ಬೇಕು. ಅದು ಹೇಳ್ದಂಗೆ ಇದು ಕೇಳ್ಲಿ. ಹಂಗಂದ್ರೆ ಒಪ್ತೀನಿ, ಆ ಮಾತು ತಪ್ಪಲ್ಲ."

ಐನೋ ಅದನ್ನು ನನ್ನಿಂದ ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು. ತೀರ್ಮಾನ ತಮ್ಮೊಬ್ಬರದಲ್ಲ, ಇಂಥ ಪ್ರಯೋಗಗಳನ್ನು ನೋಡಿಕೊಳ್ಳುವ ಸಮಿತಿಯೊಂದಿದೆ, ಕೇಳುತ್ತೇನೆ ಎಂದರು.

ಕಟ್ಟಿದ ಮುದ್ದೆಗಳನ್ನು ಎಲ್ಲರೂ ತಿಂದೆವು. ಎಲೆಕೋಸು, ಬೇಳೆ ಹಾಕಿ ಊರಿನ ಪುಡಿಯಲ್ಲಿ ಮಾಡಿದ ಸಾರು ಜೊತೆಗಿತ್ತು. ಅಗಿಯಬೇಡಿ, ನುಂಗಿ ಎಂದು ಅಕ್ಕ ಅಭಿನಯಿಸಿ ತೋರಿಸಿದಳು. ಐನೋ ನುಂಗಿದರು. ಯೂಸಿ ವಿನಯದಿಂದ ಬಹಳ ಹೊತ್ತು ಅಗಿದ.

"ಅವನ್ಗೆ ಸಾಕು ಅನ್ನೋ. ಹಿಂಗೇ ಅಗೀತಾ ಕೂತ್ರೆ ನಾವ್ ಊರಿಗೆ ಹೋದ್ಮೇಲೂ ಅಗೀತಿರ್ತಾನೆ."

ಹೊರಡುವ ಮುನ್ನಾ ದಿನ

ಸಮಿತಿಯ ಉತ್ತರಕ್ಕೆ ಕಾಯುವ ದಿನಗಳಲ್ಲಿ ಅಕ್ಕ ಊರು ನೋಡಲು ಬರಲಿಲ್ಲ. ಬಾಡಿಗೆ ಮನೆಯ ಕಿಟಕಿಯ ಬಳಿ ಕೂತು ಕೆಳಗೆ ಓಡಾಡುವವರನ್ನು ನೋಡುತ್ತಿದ್ದಳು. ತಳ್ಳುಬಂಡಿಯಲ್ಲಿ ಮಲಗಿದ ಕೂಸನ್ನು ಅಂಗಡಿಯ ಹೊರಗೇ ಬಿಟ್ಟು ಒಳಗೆ ಹೋಗುವ ತಾಯಂದಿರ ಮೇಲೆ ಅವಳಿಗೆ ಸಿಟ್ಟಿತ್ತು. ತಾಯಿ ಬರುವವರೆಗೆ ಮೇಲಿನಿಂದ ಇವಳೇ ಕಾಯುತ್ತಿದ್ದಳು. ಪದ್ಮಳಿಗೆ ದಿನವೂ ಫೋನ್ ಮಾಡುತ್ತಿದ್ದಳು, ಕೈಗವಸಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. "ಸಾರಿಗೆ ಹುಣ್ಸೆಹಣ್ಣು ಜಾಸ್ತಿ ಹಾಕ್ಬ್ಯಾಡ" ಎನ್ನುತ್ತಿದ್ದಳು.

ಒಮ್ಮೆ ನನ್ನನ್ನು ಕೇಳಿದಳು. "ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಅಕ್ಕ."

"ಹೂಂ. ನೀನ್ ಯಾವತ್ತೂ ಹಿಂಗೇ. ಒಂದ್ ಸುಳ್ಳಾದ್ರೂ ಹೇಳ್ಬಾರ್ದಾ."

ಐನೋ ತಾವೇ ಬಂದರು. ಬಾಗಿಲಲ್ಲಿ ಬೂಟು ಬಿಟ್ಟು, ಕೂರದೆಯೇ ಹೇಳಿದರು. ಸಮಿತಿ ಒಪ್ಪಿದೆ. ಎಡಗೈ ಮೊದಲು. ಮೇಲೆ ರಬ್ಬರ್ ಗ್ಲೌಸ್. ಪ್ರತಿ ಸಲ ಬಿಚ್ಚಿ ಅಂಗೈ ನೋಡಬೇಕು, ಕೆಂಪಾದರೆ ನಿಲ್ಲಿಸಬೇಕು. ಕೋಲಾರದ ಫಿಸಿಯೋಥೆರಪಿಸ್ಟ್ ಆಗಾಗ ಪರೀಕ್ಷಿಸಬೇಕು. ಯೂಸಿ ಅಂಗೈಯ ಭಾಗಕ್ಕೆ ತೆಳುವಾದ ಉಣ್ಣೆಯ ಪದರ ಸೇರಿಸಿದ್ದ. ಬೆರಳಿಗೆ ಮಾತ್ರ ಬಿಸಿ ತಾಗುತ್ತದೆ.

ಅಕ್ಕ ಎರಡೂ ಕೈ ಜೋಡಿಸಿದಳು. ಕೈಗವಸಿಲ್ಲದ ಬಲಗೈಯ ಬೆರಳುಗಳು ಪಕ್ಕಕ್ಕೆ ವಾಲಿದವು. ಐನೋ ಅವನ್ನು ತಮ್ಮ ಕೈಯಿಂದ ನೆಟ್ಟಗೆ ಮಾಡಿ ಹಿಡಿದುಕೊಂಡರು. ಮುಟ್ಟಿ ಮಾತಾಡುವ ಪದ್ಧತಿ ಅವರಲ್ಲಿ ಇಲ್ಲ.

ಮುಳಬಾಗಿಲು

ನಾವು ಮರಳುವ ಹೊತ್ತಿಗೆ ಬಿಸಿಲು ಏರಿತ್ತು. ಮೆಸ್ಸಿನ ಒಲೆಯ ಮುಂದೆ ನಿಂತರೆ ಸೌನಾದ ಕೆಳಗಿನ ಮೆಟ್ಟಿಲೇ ತಂಪು. ಅಕ್ಕ ಹಲಗೆಯ ಮುಂದೆ ಕೂತಳು, ಪದ್ಮ ರಬ್ಬರ್ ಗ್ಲೌಸ್ ಏರಿಸಿದಳು. ಊಟಕ್ಕೆ ಬಂದವರು ಕೆಲವರು ಎದ್ದು ಬಾಗಿಲಿಗೆ ಬಂದರು.

ಎಡಗೈ ಮುಟ್ಟಿತು, ತಡೆದುಕೊಂಡಿತು. ಬಲಗೈ ಹಿಡಿಯಿತು, ಬೆರಳುಗಳು ಬಾಗಿದವು. ಎಡಗೈ ಸುಟ್ಟು ಬೋಗುಣಿಗೆ ಹೋಯಿತು, ಕೊಟ್ಟ ಮಾತಿನಂತೆ ಬಲಗೈಯೂ ಹಿಂದೆಯೇ ಹೋಯಿತು, ಮುದ್ದೆಯ ಸಮೇತ. ಬೆರಳು ಬಿಚ್ಚಲಿಲ್ಲ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಬೆಳಗಿನಿಂದ ಕಾದ ನೀರು ಅದು. ತಾಂಪೆರೆಯಲ್ಲಿ ಕೂತು ನಾವು ಒಲೆಯ ಸೆಕೆ ಲೆಕ್ಕ ಹಾಕಿದ್ದೆವು, ಕೋಣೆಯ ಸೆಕೆ ಲೆಕ್ಕ ಹಾಕಿದ್ದೆವು. ನಮ್ಮೂರಿನ ನಲ್ಲಿಯ ನೀರೂ ಬಿಸಿ ಎಂಬುದು ಅಷ್ಟು ಜನ ವಿದ್ವಾಂಸರಿಗೂ ನನಗೂ ಅಕ್ಕನಿಗೂ ಹೊಳೆದಿರಲಿಲ್ಲ.

ಗಾಬರಿಯಾದರೆ ಅಕ್ಕನ ಬಾಯಲ್ಲಿ ತೆಲುಗು ಬರುತ್ತದೆ. "ಪದ್ಮಾ, ಕುಂಡಲೋ ನೀಳ್ಳು ತೇವೇ."

ಕುಡಿಯುವ ನೀರಿನ ಮಣ್ಣಿನ ಮಡಕೆಯನ್ನೇ ಪದ್ಮ ಎತ್ತಿ ತಂದು ಕೈಮೇಲೆ ಸುರಿದಳು. ಬೆರಳುಗಳು ಮೆಲ್ಲಗೆ, ಒಲ್ಲದ ಮನಸ್ಸಿನಿಂದ ಬಿಚ್ಚಿದವು. ಕೈಗವಸು ಬಿಚ್ಚಿ ಅಂಗೈ ನೋಡಿದೆವು. ಕೆಂಪಾಗಿರಲಿಲ್ಲ.

"ನಾಳೆ ನೋಡಾನ ಬಿಡಕ್ಕ" ಎಂದಳು ಪದ್ಮ.

"ನಾಳೆಗೂ ಇದೇ ಬಿಸ್ಲು. ಬೋಗುಣಿಗೆ ಮಡಕೆ ನೀರು ಹುಯ್ಯಿ."

ಪದ್ಮ ಹೊಸ ಹಿಟ್ಟು ತಿರುವಿ ಹಲಗೆಗೆ ಹಾಕಿದಳು. ಅಕ್ಕ ಮತ್ತೆ ಕೈಗವಸು ತೊಟ್ಟು ಕೈ ಅದ್ದಿದಳು. ಈ ಸಲ ಅವಸರ ಮಾಡಲಿಲ್ಲ. ಹಿಡಿದು, ತಿರುಗಿಸಿ, ಹಲಗೆಯ ಮೇಲಿಟ್ಟು, ನೀರಿನಲ್ಲಿ ಬೆರಳು ಬಿಚ್ಚುವವರೆಗೆ ಕಾದು, ಮತ್ತೆ ಹಿಡಿದಳು. ಅವಳು ಒಂದು ಮುಗಿಸುವುದರೊಳಗೆ ಪಕ್ಕದಲ್ಲಿ ಪದ್ಮ ಒಂದು ಸಾಲು ಕಟ್ಟಿದಳು. ಕೈಗವಸು ಬೇಸಿಗೆಯಲ್ಲಿ ಎಷ್ಟು ನಿಧಾನ ಎಂದು ಐನೋಗೆ ಕಳಿಸುವ ವರದಿಯಲ್ಲಿ ನಾನು ಹಾಗೆಯೇ ಬರೆದೆ. ಮುಂದಿನ ತಂತಿಗೆ ಅದು ಬೇಕಾಗುತ್ತದೆ.

ಅಕ್ಕ ಕಟ್ಟಿದ ಮುದ್ದೆ ಟೊಮ್ಯಾಟೊ ಲಾರಿಯ ಚಾಲಕ ವೆಂಕಟೇಶಪ್ಪನ ತಟ್ಟೆಗೆ ಹೋಯಿತು. ಅವನು ಈ ಮೆಸ್ಸಿಗೆ ಬರುವುದು ಹೊಸದಲ್ಲ. ತಟ್ಟೆಯನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಇದ್ ಯಾರ್ ಕಟ್ಟಿದ್ದಕ್ಕ?"

"ಮೊದ್ಲು ತಿನ್ನು."

ಅವನು ಒಂದು ತುತ್ತು ಮುರಿದ, ಸಾರಿನಲ್ಲಿ ಅದ್ದಿ ನುಂಗಿದ. ಮತ್ತೊಂದು ನುಂಗಿದ. ಬಾಗಿಲಲ್ಲಿ ನಿಂತವರೆಲ್ಲ ಅವನ ಗಂಟಲನ್ನೇ ನೋಡುತ್ತಿದ್ದರು.

"ಗಂಟಿಲ್ಲ. ಚೆನ್ನಾಗೈತೆ. ಆದ್ರೆ ಒಂದೀಟು ಸೊಟ್ಟ."

"ಗಂಟಿಲ್ದಿರೋದು ಪದ್ಮಂದು" ಎಂದಳು ಅಕ್ಕ. "ಸೊಟ್ಟ ನಂದು."